ಅರವತ್ತು ಸೆಕೆಂಡಿನ ಮನೆ

ಡಬ್ಬದ ಮೇಲೆ ಎರಡು ಮಾತು ದಪ್ಪಕ್ಷರದಲ್ಲಿ ಅಚ್ಚಾಗಿದ್ದವು. ಅರವತ್ತು ಸೆಕೆಂಡಿನಲ್ಲಿ ನಿಲ್ಲಿಸಬಹುದು, ಮೂರು ಜನ ಕೂರಬಹುದು. ನಾಲ್ಕು ಚಳಿಗಾಲ ಕಳೆದ ಮೇಲೆ ಹೇಳ್ತಿದ್ದೀನಿ, ಎರಡೂ ಪೂರ್ತಿ ಸುಳ್ಳೇನಲ್ಲ. ಆದ್ರೆ ಅವೆರಡನ್ನೇ ನೋಡಿ ದುಡ್ಡು ಕೊಟ್ಟವನ ಕತೆ ಏನಾಯ್ತು ಅನ್ನೋದನ್ನ ಬರೀಬೇಕು ಅಂತ ಬಹಳ ದಿನದಿಂದ ಇತ್ತು.

ನಾನಿರೋದು ಮಿನಿಯಾಪೊಲಿಸ್‌ನಲ್ಲಿ. ಊರು ಕುಂದಾಪುರದ ಕಡೆ, ಹಾಗಾಗಿ ಮೀನಿನ ಬಗ್ಗೆ ಮಾತಾಡೋ ಹಕ್ಕು ಹುಟ್ಟಿನಿಂದಲೇ ಬಂದಿದೆ ಅಂದ್ಕೊಂಡಿದ್ದೆ. ಮಿನ್ನೆಸೋಟದಲ್ಲಿ ಚಳಿಗಾಲ ಬಂತಂದ್ರೆ ಕೆರೆ ಸರೋವರಗಳೆಲ್ಲ ಗಟ್ಟಿಯಾಗುತ್ತವೆ. ಜನ ಅದರ ಮೇಲೆ ನಡೆದುಹೋಗಿ, ಆಗರ್ ಅನ್ನೋ ದೊಡ್ಡ ತಿರುಪಿನಿಂದ ಎಂಟಿಂಚಿನ ತೂತು ಕೊರೆದು, ಎರಡು ಅಡಿಯ ಪುಟ್ಟ ಗಾಳದ ಕೋಲು ಹಿಡಿದು ಕೂರುತ್ತಾರೆ. ಅದೃಷ್ಟ ಇದ್ದರೆ ವಾಲೈ, ಇಲ್ಲದಿದ್ದರೆ ಪರ್ಚ್. ಬಂಗುಡೆ ತಿಂದು ಬೆಳೆದ ನಾಲಿಗೆಗೆ ವಾಲೈ ಸ್ವಲ್ಪ ಸಪ್ಪೆ, ಆದ್ರೆ ಅದನ್ನ ಇಲ್ಲಿ ಜೋರಾಗಿ ಹೇಳೋ ಹಾಗಿಲ್ಲ. ಈ ರಾಜ್ಯದ ಮೀನು ಅದು.

ಹೀಗೆ ಕೂರೋಕೆ ಒಂದು ಟೆಂಟ್ ಬೇಕು. ನಾನು ಹೇಳ್ತಿರೋದು ಹಬ್ ಟೆಂಟಿನ ಬಗ್ಗೆ. ನಾಲ್ಕು ಗೋಡೆ, ಒಂದು ಸೂರು, ಪ್ರತಿಯೊಂದರ ನಡುಮಧ್ಯೆ ಒಂದು ಗುಬುಟು. ಅದೇ ಹಬ್. ಅಲ್ಲಿಂದ ನಾಲ್ಕು ಮೂಲೆಗೆ ಫೈಬರ್‌ಗ್ಲಾಸ್ ಕಡ್ಡಿಗಳು. ಹೊರಗಿನಿಂದ ಪಟ್ಟಿ ಹಿಡಿದು ಎಳೆದರೆ ಗೋಡೆ ಟಪ್ ಅಂತ ಹೊರಕ್ಕೆ ಉಬ್ಬಿ ಬಿಗಿಯಾಗುತ್ತೆ, ಕೊಡೆ ಬಿಚ್ಚಿದ ಹಾಗೆ. ನೆಲ ಇರಲ್ಲ, ಮಂಜುಗಡ್ಡೆಯೇ ನೆಲ. ಐದು ಸಲ ಟಪ್ ಅಂದ್ರೆ ಮನೆ ರೆಡಿ. ಬೆಂಗಳೂರಿನಲ್ಲಿ ಫ್ಲಾಟಿಗೆ ಮುಂಗಡ ಕೊಟ್ಟು ವರ್ಷಗಟ್ಟಲೆ ಕಾದ ನನ್ನಂಥವರಿಗೆ ಈ ಐದು ಟಪ್‌ಗಳಲ್ಲಿ ಎಂಥ ಸುಖ ಇದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಕೊಳ್ಳೋ ಮುಂಚೆ ನಾನು ನೋಡಿದ ವಿಮರ್ಶೆಗಳಲ್ಲಿ ಹೆಚ್ಚಿನವು ಹುಲ್ಲುಹಾಸಿನ ಮೇಲೆ ಇಲ್ಲವೇ ಗ್ಯಾರೇಜಿನಲ್ಲಿ ಮಾಡಿದವು. ಬರಿಗೈಯಲ್ಲಿ ನಾಲ್ಕು ಸಲ ಎಳೆದು, ನಕ್ಕು, ಒಳಗೆ ಕುರ್ಚಿ ಹಾಕಿ ತೋರಿಸ್ತಾರೆ. ಗಾಳಿ ಇಲ್ಲ, ಕತ್ತಲೆ ಇಲ್ಲ, ಕೈಗೆ ಒದ್ದೆ ಗ್ಲೌಸ್ ಇಲ್ಲ. ನಮ್ಮ ಆಫೀಸಿನಲ್ಲಿ ಡೆಮೋ ಚೆನ್ನಾಗಿ ನಡೆದು ಪ್ರೊಡಕ್ಷನ್‌ನಲ್ಲಿ ಮಗುಚಿಬೀಳೋ ಸಾಫ್ಟ್‌ವೇರನ್ನ ಏನಂತ ಬೈತೀವೋ ಅದೇ ಬೈಗುಳಕ್ಕೆ ಇದೂ ಯೋಗ್ಯ.

ನನ್ನ ಮೊದಲ ಟೆಂಟ್ ತೆಳು ಬಟ್ಟೆಯದು, ಅಗ್ಗದ್ದು. ಮಿನಿಯಾಪೊಲಿಸ್‌ನಿಂದ ಉತ್ತರಕ್ಕೆ ಸುಮಾರು ಎರಡು ಗಂಟೆ ದಾರಿಯ ಮಿಲ್ ಲ್ಯಾಕ್ಸ್ ಸರೋವರಕ್ಕೆ ಒಯ್ದೆ. ಎದುರು ದಂಡೆ ಕಾಣದಷ್ಟು ದೊಡ್ಡ ಬಯಲು ಅದು. ಗಾಳಿಗೆ ಒಂದು ಮರ ಕೂಡ ಅಡ್ಡ ಇಲ್ಲ. ಡಬ್ಬದಲ್ಲಿ ಹೇಳಿದಂತೆ ಒಂದು ನಿಮಿಷದೊಳಗೆ ನಿಲ್ಲಿಸಿದೆ. ಗೂಟ ಹೊಡೆಯೋಣ ಅಂತ ಚೀಲಕ್ಕೆ ಬಗ್ಗಿದೆ. ತಿರುಗಿ ನೋಡಿದರೆ ನನ್ನ ಮನೆ ಉರುಳಿಕೊಂಡು ಹೋಗ್ತಾ ಇತ್ತು. ಕಾಲಿಗೆ ಅಷ್ಟು ದಪ್ಪ ಬೂಟು ಹಾಕ್ಕೊಂಡು, ಜಾರೋ ಮಂಜಿನ ಮೇಲೆ, ಮೂವತ್ತಾರು ಚದರಡಿಯ ಗಾಳಿಪಟದ ಹಿಂದೆ ಓಡಿದ್ದೀನಿ ನಾನು. ದೂರದಲ್ಲಿ ಕೂತಿದ್ದ ಅಜ್ಜ ಒಬ್ಬರು ಎದ್ದು ಕಾಲಲ್ಲಿ ತಡೆದು ನಿಲ್ಲಿಸಿದರು. ನಗಲಿಲ್ಲ. ಅವರದ್ದೂ ಒಮ್ಮೆ ಹೋಗಿತ್ತಂತೆ.

ಅವರೇ ಹೇಳಿಕೊಟ್ಟ ಕ್ರಮ ಈಗಲೂ ನನ್ನದು. ಟೆಂಟನ್ನು ಮಡಚಿದ ಹಾಗೇ ನೆಲಕ್ಕೆ ಮಲಗಿಸಿ, ಗಾಳಿ ಬರೋ ಕಡೆಯ ಮೂಲೆಗೆ ಮೊದಲ ಆಂಕರ್ ಹಾಕಬೇಕು. ಆಂಕರ್ ಅಂದ್ರೆ ಉದ್ದನೆ ಸ್ಕ್ರೂ ಥರದ ಗೂಟ, ಮಂಜುಗಡ್ಡೆಗೆ ತಿರುಗಿಸಿ ಇಳಿಸೋದು. ಡಬ್ಬದಲ್ಲಿ ಕೊಡೋದನ್ನ ಕೈಯಲ್ಲಿ ತಿರುಗಿಸುವಷ್ಟರಲ್ಲಿ ಬೆರಳು ಬಿದ್ದುಹೋಗುತ್ತೆ. ಬ್ಯಾಟರಿ ಡ್ರಿಲ್ಲಿಗೆ ಸಿಕ್ಕಿಸೋ ಒಂದು ಅಡಾಪ್ಟರ್ ಬರುತ್ತೆ, ಅದನ್ನ ಟೆಂಟಿನ ಜೊತೆಗೇ ಕೊಳ್ಳಿ. ಆ ಮೂಲೆ ಭದ್ರ ಆದ ಮೇಲೆ ಗೋಡೆ ಎಳೆಯೋದು. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು. ಆಮೇಲೆ ಉಳಿದ ಮೂಲೆಗಳು, ನಡುವಿನ ಹಬ್ಬುಗಳಿಂದ ಹೊರಕ್ಕೆ ಹಗ್ಗ, ಸುತ್ತಲಿನ ಅಂಚುಬಟ್ಟೆಯ ಮೇಲೆ ಹಿಮ. ಒಟ್ಟು ಇಪ್ಪತ್ತು ನಿಮಿಷ.

ಮೂರು ಜನದ ಲೆಕ್ಕ ಇನ್ನೂ ತಮಾಷೆ. ಆರಡಿ ಆರಡಿ ಜಾಗದಲ್ಲಿ ಮೂರು ಜನ ನಿಲ್ಲಬಹುದು, ಮೆಟ್ರೋದಲ್ಲಿ ನಿಂತ ಹಾಗೆ. ಆದ್ರೆ ಕುರ್ಚಿ, ಬಕೆಟ್, ಹೀಟರ್, ತೂತುಗಳು, ಹೊಟ್ಟೆ ಉಬ್ಬಿದ ಜಾಕೆಟ್ಟುಗಳು? ಡಬ್ಬದ ಸಂಖ್ಯೆಯಿಂದ ಒಂದನ್ನ ಕಳೆದರೆ ಸರಿಯಾದ ಅಳತೆ ಸಿಗುತ್ತೆ. ಹೀಟರ್ ಬಟ್ಟೆಯಿಂದ ದೂರ ಇರಬೇಕು ಅಂದ್ರೆ ಅದನ್ನೂ ಒಬ್ಬ ಮನುಷ್ಯ ಅಂತಲೇ ಎಣಿಸಿ.

ಎರಡನೇ ವರ್ಷ ಒಳಗೆ ಹತ್ತಿಯಂಥ ಪದರ ಕೊಟ್ಟು ಹೊಲಿದ ದಪ್ಪ ಟೆಂಟ್ ತಗೊಂಡೆ. ಇದರ ಬಗ್ಗೆ ನನಗೆ ತಕರಾರಿಲ್ಲ, ತೂಕ ಒಂದು ಬಿಟ್ಟು. ತೆಳು ಟೆಂಟಿನಲ್ಲಿ ಸೂರಿನಿಂದ ಟಪಟಪ ನೀರು ಬೀಳ್ತಾ ಇತ್ತು. ಹೊರಗೆ ಮೈನಸ್ ಹದಿನೈದು, ಒಳಗೆ ಮಳೆ. ಎಲ್ಲಿಂದ ಬಂತು ನೀರು ಅಂತ ಲೆಕ್ಕ ಹಾಕಿದಾಗ ಗೊತ್ತಾಯ್ತು, ಪ್ರೊಪೇನ್ ಉರಿದರೆ ತನ್ನ ತೂಕಕ್ಕಿಂತ ಹೆಚ್ಚು ನೀರಾವಿ ಬಿಡುತ್ತೆ. ಒಂದು ಪೌಂಡಿನ ಹಸಿರು ಸಿಲಿಂಡರ್ ಪೂರ್ತಿ ಉರಿದರೆ ಸುಮಾರು ಮುಕ್ಕಾಲು ಲೀಟರ್ ನೀರು. ಅದು ತಣ್ಣನೆ ಬಟ್ಟೆಗೆ ತಾಗಿ ಹನಿಯಾಗುತ್ತೆ, ಹೀಟರ್ ಆರಿಸಿದ ತಕ್ಷಣ ಹಲಗೆಯಾಗುತ್ತೆ. ದಪ್ಪ ಟೆಂಟಿನಲ್ಲಿ ಒಳಬಟ್ಟೆ ಅಷ್ಟು ತಣ್ಣಗಾಗಲ್ಲ, ಹನಿ ಕಡಿಮೆ. ಒಳಗಿನ ಕಪ್ಪು ಬಣ್ಣದ ಕತ್ತಲೆಯಲ್ಲಿ ತೂತು ಮಾತ್ರ ಹಸಿರಾಗಿ ಬೆಳಗ್ತಾ ಇರುತ್ತೆ. ಆಳ ಕಡಿಮೆ ಇದ್ದರೆ ಮೀನು ಬಂದು ಹುಳುವನ್ನ ಮೂಸಿ ಹೋಗೋದು ಕೂಡ ಕಾಣುತ್ತೆ. ಇದಕ್ಕೆ ಮಾತ್ರ ನಾನು ಎಷ್ಟು ದುಡ್ಡು ಬೇಕಾದ್ರೂ ಕೊಡ್ತೀನಿ.

ಈಗ ಆ ದಿನದ ವಿಷಯ. ಮೈಸೂರಿನ ಗೆಳೆಯ, ಅವನ ಎಂಟು ವರ್ಷದ ಮಗಳು, ನಾನು. ಬೆಚ್ಚಗಿರಲಿ ಅಂತ ಅಂಚುಬಟ್ಟೆಯ ಸುತ್ತ ಒಂದಿಂಚೂ ಬಿಡದೆ ಹಿಮ ಒತ್ತಿದ್ದೆವು. ಮೇಲೊಂದು ಗಾಳಿಕಿಂಡಿ ಇತ್ತು. ಮಗುವಿನ ಕುತ್ತಿಗೆಗೆ ಗಾಳಿ ಹೊಡೆಯುತ್ತೆ ಅಂತ ಅದಕ್ಕೊಂದು ಗ್ಲೌಸ್ ತುರುಕಿದ್ದು ನಾನೇ. ಎರಡು ಗಂಟೆ ಕಳೆದಿರಬೇಕು. "ಅಂಕಲ್, ತಲೆ ನೋಯ್ತಿದೆ" ಅಂದ್ಲು. ಹಸಿವಿರಬೇಕು ಅಂತ ಪುಳಿಯೋಗರೆ ಡಬ್ಬಿ ತೆಗೆದೆವು. ಬೇಡ ಅಂದ್ಲು, ಅಪ್ಪನ ತೊಡೆಗೆ ಒರಗಿದಳು. ಗೆಳೆಯ ನನಗೂ ತಲೆ ಭಾರ ಕಣೋ ಅಂದ. ನಾನು ನಿನ್ನೆ ರಾತ್ರಿ ನಿದ್ದೆ ಸಾಲಲಿಲ್ಲ ಅಂದೆ. ಮೂರು ಜನಕ್ಕೆ ಒಟ್ಟಿಗೆ ತಲೆನೋವು ಬಂದಿದ್ದಕ್ಕೆ ನಾವು ಮೂರು ಬೇರೆಬೇರೆ ಕಾರಣ ಹುಡುಕಿದ್ದೆವು. ಮೂತ್ರಕ್ಕೆ ಅಂತ ನಾನು ಜಿಪ್ ತೆಗೆದು ಹೊರಗೆ ನಿಂತೆ, ಕಾಲು ಸ್ವಲ್ಪ ತಡವರಿಸಿತು. ಆಗ ಹೊಳೀತು. ಇಬ್ಬರನ್ನೂ ಹೊರಗೆಳೆದು, ಹಿಮದಲ್ಲಿ ಕೂರಿಸಿ, ಹೀಟರ್ ಆರಿಸಿದೆ.

ಅಳೆಯೋ ಸಾಧನ ನಮ್ಮ ಹತ್ರ ಇರಲಿಲ್ಲ, ಹಾಗಾಗಿ ಅದು ಕಾರ್ಬನ್ ಮಾನಾಕ್ಸೈಡೇ ಅಂತ ಪ್ರಮಾಣ ಮಾಡಿ ಹೇಳಲಾರೆ. ಹೀಟರಿನಲ್ಲಿ ಆಮ್ಲಜನಕ ಕಡಿಮೆಯಾದ್ರೆ ತಾನೇ ಆರೋ ವ್ಯವಸ್ಥೆ ಇತ್ತು, ಅದನ್ನೇ ನಂಬಿಕೊಂಡಿದ್ವಿ. ಆ ವ್ಯವಸ್ಥೆ ಕಾರ್ಬನ್ ಮಾನಾಕ್ಸೈಡನ್ನ ಅಳೆಯಲ್ಲ ಅನ್ನೋದು ಗೊತ್ತಾಗಿದ್ದು ಆಮೇಲೆ. ಹುಡುಗಿ ಹೊರಗೆ ಬಂದು ಸ್ವಲ್ಪ ಹೊತ್ತಿಗೆ ಚೇತರಿಸಿಕೊಂಡಳು. ಅವಳಮ್ಮನಿಗೆ ಹೇಳೋಕೆ ನಮಗೆ ಮೂರು ವಾರ ಬೇಕಾಯ್ತು. ಅವರು ಅಂದಿದ್ದನ್ನ ಇಲ್ಲಿ ಬರೆಯಲ್ಲ.

ಆವತ್ತಿನಿಂದ ನನ್ನ ವಿಮರ್ಶೆಯ ಅಳತೆಗೋಲೇ ಬದಲಾಯ್ತು. ಅಂಗಡಿಯಲ್ಲಿ ಮೊದಲು ಎಣಿಸೋದು ಗಾಳಿಕಿಂಡಿ. ಮೇಲೆ ಒಂದಾದರೂ, ಕೆಳಗೆ ಒಂದಾದರೂ ಇರಬೇಕು, ದಪ್ಪ ಗ್ಲೌಸ್ ಹಾಕಿದ ಕೈಗೆ ತೆರೆಯೋಕೆ ಬರಬೇಕು. ಬೆಚ್ಚಗೆ ಇಡುತ್ತೆ ಅನ್ನೋ ಹೊಗಳಿಕೆಯ ಪಕ್ಕದಲ್ಲಿ ಉಸಿರಾಡೋಕೆ ಎಷ್ಟು ಬಿಡುತ್ತೆ ಅಂತ ಒಂದು ಸಾಲು ಬರೆಯದ ವಿಮರ್ಶೆಯನ್ನ ನಾನು ಓದೋದು ಬಿಟ್ಟಿದ್ದೀನಿ. ಬ್ಯಾಟರಿಯ ಕಾರ್ಬನ್ ಮಾನಾಕ್ಸೈಡ್ ಅಲಾರ್ಮ್ ಈಗ ಟೆಂಟಿನ ಚೀಲದಲ್ಲೇ ವಾಸ.

ಅಮ್ಮನಿಗೆ ವಿಡಿಯೋ ಕಾಲ್‌ನಲ್ಲಿ ಟೆಂಟ್ ತೋರಿಸಿದ್ದೆ. "ಇದೆಂಥ ಮಗಾ, ಗೊರಬಾ?" ಅಂದ್ರು. ನಮ್ಮ ಕಡೆ ಮಳೆಯಲ್ಲಿ ನಾಟಿ ಮಾಡುವಾಗ ಹೆಂಗಸರು ತಲೆ ಮೇಲಿಂದ ಬೆನ್ನಿಗೆ ಹಾಕ್ಕೊಳ್ಳೋ ಎಲೆಯ ಹೊದಿಕೆ ಅದು. ಬೆನ್ನು ಮುಚ್ಚುತ್ತೆ, ಮುಂದೆ ಪೂರಾ ತೆರೆದಿರುತ್ತೆ. ಅಲ್ಲಮ್ಮಾ, ಇದು ನಾಲ್ಕೂ ಕಡೆ ಮುಚ್ಚುತ್ತೆ ಅಂತ ಹೆಮ್ಮೆಯಿಂದ ಹೇಳಿದ್ದೆ. ತಲೆನೋವಿನ ಘಟನೆಗೆ ಹದಿನೈದು ದಿನ ಮುಂಚಿನ ಮಾತು ಅದು.

ಇನ್ನೊಂದು ನಮೂನೆಯೂ ಇದೆ, ಫ್ಲಿಪ್ ಅಂತಾರೆ. ಎಳೆದುಕೊಂಡು ಹೋಗೋ ಜಾರುಬಂಡಿಯ ಮೇಲೇ ಸೀಟು, ಹಿಂದಿನಿಂದ ಬಟ್ಟೆಯನ್ನ ತಲೆ ಮೇಲೆ ಮಗುಚಿಕೊಂಡರೆ ಆಯ್ತು. 1980ರ ದಶಕದಲ್ಲಿ ಇದನ್ನ ಜನಪ್ರಿಯ ಮಾಡಿದ್ದು ಇದೇ ಮಿನ್ನೆಸೋಟದ ಡೇವ್ ಗೆಂಜ್. ಮೀನು ಬರೋವರೆಗೆ ಕೂರಬೇಡ, ಮೀನಿರೋ ಕಡೆ ನೀನು ಹೋಗು ಅನ್ನೋದು ಆತನ ವಾದ. ನಿಜವಾಗಿ ಮೀನು ಹಿಡಿಯೋರಿಗೆ ಅದೇ ಸರಿ. ಹಬ್ ಟೆಂಟಿನಲ್ಲಿ ಒಮ್ಮೆ ಕೂತರೆ ಆ ಇಪ್ಪತ್ತು ನಿಮಿಷದ ಆಂಕರ್ ಕೆಲಸ ನೆನೆಸಿಕೊಂಡು ಯಾರೂ ಜಾಗ ಬಿಡಲ್ಲ. ಆದರೂ ನಾನು ಹಬ್ಬನ್ನೇ ಇಟ್ಟುಕೊಂಡಿದ್ದೀನಿ. ನಮ್ಮವರು ಕೆರೆಗೆ ಒಬ್ಬೊಬ್ಬರೇ ಹೋಗಲ್ಲ, ಡಬ್ಬಿ ಕಟ್ಟಿಕೊಂಡು ಸಂಸಾರ ಸಮೇತ ಹೋಗ್ತಾರೆ.

ಟೆಂಟು ಎಷ್ಟೇ ಚೆನ್ನಾಗಿರಲಿ, ಕೆಳಗಿನ ಮಂಜುಗಡ್ಡೆಯ ಬಗ್ಗೆ ಅದಕ್ಕೇನೂ ಗೊತ್ತಿರಲ್ಲ. ನಡೆದುಹೋಗೋಕೆ ಕನಿಷ್ಠ 4 ಇಂಚು ಹೊಸ, ಪಾರದರ್ಶಕ ಮಂಜುಗಡ್ಡೆ ಬೇಕು ಅನ್ನುತ್ತೆ ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ. ಬಿಳಿ ಬಣ್ಣದ್ದಾದರೆ ಅದರ ದುಪ್ಪಟ್ಟು. 2023ರ ಡಿಸೆಂಬರ್ ಕೊನೆಯಲ್ಲಿ ಅಪ್ಪರ್ ರೆಡ್ ಲೇಕ್‌ನಲ್ಲಿ ಮಂಜುಗಡ್ಡೆ ಒಡೆದು ತೇಲಿಹೋಗಿ, ನೂರಕ್ಕೂ ಹೆಚ್ಚು ಜನರನ್ನ ದಡಕ್ಕೆ ತರಬೇಕಾಯ್ತು. ಟೆಂಟಿನೊಳಗೆ ಕೂತವರಿಗೆ ಹೊರಗೆ ಬಿರುಕು ಬಿಡೋದು ಕಾಣಲ್ಲ. ಅರ್ಧ ಗಂಟೆಗೊಮ್ಮೆ ಯಾರಾದ್ರೂ ಒಬ್ಬರು ಹೊರಗೆ ಹೋಗಿ ಒಂದು ಸುತ್ತು ನೋಡಿ ಬರೋದು ನಮ್ಮಲ್ಲಿ ನಿಯಮ ಆಗಿದೆ.

ಬಿಚ್ಚೋದರ ಬಗ್ಗೆ ಡಬ್ಬದಲ್ಲಿ ಒಂದಕ್ಷರ ಇಲ್ಲ. ಸಂಜೆ ಐದಕ್ಕೆ ಕತ್ತಲಾಗಿರುತ್ತೆ. ಒಳಗಿನ ಕಾವಿಗೆ ಕರಗಿದ ನೀರು ಅಂಚುಬಟ್ಟೆಯನ್ನ ಮಂಜುಗಡ್ಡೆಗೆ ಅಂಟಿಸಿರುತ್ತೆ. ಜೋರಾಗಿ ಎಳೆದರೆ ಹರಿಯುತ್ತೆ, ಹಾಗಾಗಿ ಸುತ್ತಲೂ ಕೆರೆದು ಬಿಡಿಸಬೇಕು. ಆಂಕರ್ ಮೊದಲು ಕೀಳೋ ಆಸೆ ಆಗುತ್ತೆ, ಕೀಳಬೇಡಿ, ಗೋಡೆಗಳನ್ನ ಒಳಕ್ಕೆ ತಳ್ಳಿ ಮಡಚಿದ ಮೇಲೆ ಗಾಳಿ ಕಡೆಯ ಆಂಕರ್ ಕೊನೆಗೆ. ಬೆಳಗ್ಗೆ ಸಲೀಸಾಗಿ ಹೊರಬಂದ ಟೆಂಟ್ ಸಂಜೆ ಅದೇ ಚೀಲಕ್ಕೆ ಹೋಗಲ್ಲ. ಮನೆಗೆ ತಂದು ಒಣಗಿಸದಿದ್ರೆ ಬೂಸು. ನನ್ನ ಅಪಾರ್ಟ್‌ಮೆಂಟಿನ ಹಾಲ್‌ನಲ್ಲಿ ಸೋಮವಾರ ಬೆಳಗ್ಗೆ ಮೀಟಿಂಗಿಗೆ ಕೂತಾಗ ಹಿಂದೆ ಕಾಣೋ ಕೆಂಪು ಗೋಡೆ ಅದೇ.

ಕಳೆದ ಜನವರಿಯಲ್ಲಿ ಮೂವರೂ ಮತ್ತೆ ಹೋಗಿದ್ದೆವು. ಒಳಗೆ ಬಂದ ಕೂಡಲೇ ಹುಡುಗಿ ಬಕೆಟ್ ಮೇಲೆ ಹತ್ತಿ ನಿಂತು ಮೇಲಿನ ಕಿಂಡಿಯ ಜಿಪ್ ಎಳೆದಳು. ಅಪ್ಪ ಚಳಿ ಕಣೇ, ಸ್ವಲ್ಪ ಮುಚ್ಚು ಅಂದ. "ಅಮ್ಮನಿಗೆ ಹೇಳ್ಲಾ?" ಅಂದ್ಲು. ಕಿಂಡಿ ತೆರೆದೇ ಇತ್ತು. ಮಧ್ಯಾಹ್ನದೊಳಗೆ ಎರಡು ಪರ್ಚ್ ಸಿಕ್ಕವು, ಎರಡೂ ಅವಳಿಗೇ.