ಶೂನ್ಯ ಡಾಲರಿನ ಮನೆ

2020ರ ಡಿಸೆಂಬರ್ ಕೊನೆಯ ವಾರ. ನಮ್ಮ ಟೀಮಿನ ಅಮೆರಿಕದವರೆಲ್ಲ ಕ್ರಿಸ್ಮಸ್ ರಜೆಯಲ್ಲಿದ್ದರು, ಇಲ್ಲಿ ನಮಗೆ ಹೇಳಿಕೊಳ್ಳುವಂಥ ಕೆಲಸ ಇರಲಿಲ್ಲ. ನಾನಾಗ ಫ್ಲಾಟ್ ಹುಡುಕುತ್ತಿದ್ದೆ. ಲ್ಯಾಪ್‌ಟಾಪಿನ ಒಂದು ಟ್ಯಾಬಲ್ಲಿ ಯಾವುದೋ ಫ್ಲಾಟಿನ ಇಸಿ, ಇನ್ನೊಂದರಲ್ಲಿ ನ್ಯಾಶ್‌ವಿಲ್ ಸ್ಫೋಟದ ಸುದ್ದಿ. ಶಂಕಿತ ತನ್ನ ಮನೆಯನ್ನ ಬೇರೆ ರಾಜ್ಯದ ಒಬ್ಬ ಯುವತಿಗೆ ಪುಕ್ಕಟೆ ಬರೆದುಕೊಟ್ಟಿದ್ದಾನೆ ಅನ್ನೋ ಹೆಡ್‌ಲೈನ್ ಕಂಡ ತಕ್ಷಣ ಗೆಳೆಯರ ವಾಟ್ಸಾಪ್ ಗುಂಪಿಗೆ ಲಿಂಕ್ ಹಾಕಿ, "ಹುಡುಗಿ ಸಿಕ್ಕಳು ನೋಡ್ರೋ, ಅಸಲಿ ಕಥೆ ಇಲ್ಲಿದೆ" ಅಂತ ಬರೆದೆ. ನಗುವ ಇಮೋಜಿಗಳು ಸಾಲಾಗಿ ಬಂದವು. ಖುಷಿಯಾಯ್ತು.

ಈ ಲೇಖನ ಆ ಪ್ರಕರಣದ ವರದಿಗಾರಿಕೆಯ ವಿಮರ್ಶೆ. ಆ ನನ್ನ ಮೆಸೇಜಿನದೂ ಹೌದು.

ಮೊದಲು ನಡೆದದ್ದು. ಡಿಸೆಂಬರ್ 25ರ ಬೆಳಿಗ್ಗೆ ಟೆನಸಿ ರಾಜ್ಯದ ನ್ಯಾಶ್‌ವಿಲ್ ನಗರದಲ್ಲಿ, ಹಳೆಯ ಇಟ್ಟಿಗೆ ಕಟ್ಟಡಗಳಿರುವ ಸೆಕೆಂಡ್ ಅವೆನ್ಯೂದಲ್ಲಿ, ಎಟಿ ಅಂಡ್ ಟಿ ಟೆಲಿಕಾಂ ಕಂಪನಿಯ ಕಟ್ಟಡದ ಮುಂದೆ ಒಂದು ಆರ್‌ವಿ ನಿಂತಿತ್ತು. ಆರ್‌ವಿ ಅಂದ್ರೆ ಒಳಗೇ ಮಲಗೋಕೆ, ಅಡುಗೆ ಮಾಡೋಕೆ ವ್ಯವಸ್ಥೆ ಇರುವ ಗಾಡಿ. ಅದರ ಸ್ಪೀಕರಿನಿಂದ ಕಂಪ್ಯೂಟರಿನ ಹೆಣ್ಣುದನಿಯೊಂದು ಬಾಂಬ್ ಇದೆ, ಜಾಗ ಖಾಲಿ ಮಾಡಿ ಅಂತ ಎಚ್ಚರಿಸುತ್ತಿತ್ತು. ಆಮೇಲೆ ಹದಿನೈದು ನಿಮಿಷದ ಕೌಂಟ್‌ಡೌನ್. ನಡುವೆ ಪೆಟುಲಾ ಕ್ಲಾರ್ಕ್ 1964ರಲ್ಲಿ ಹಾಡಿದ 'ಡೌನ್‌ಟೌನ್' ಹಾಡು. ಆರು ಜನ ಪೊಲೀಸರು ಬಾಗಿಲು ಬಾಗಿಲಿಗೂ ಓಡಿ ಜನರನ್ನ ಎಬ್ಬಿಸಿ ಹೊರಗೆ ಕಳಿಸಿದರು. ಆರೂವರೆ ಹೊತ್ತಿಗೆ ಗಾಡಿ ಸಿಡಿಯಿತು. ಸತ್ತವನು ಒಬ್ಬನೇ, ಗಾಡಿಯೊಳಗಿದ್ದವನು. ಎಂಟು ಮಂದಿಗೆ ಗಾಯ, ಹತ್ತಾರು ಕಟ್ಟಡಗಳಿಗೆ ಹಾನಿ. ಟೆಲಿಕಾಂ ಕಟ್ಟಡ ಕೆಟ್ಟಿದ್ದರಿಂದ ಟೆನಸಿಯಲ್ಲಷ್ಟೇ ಅಲ್ಲ, ಕೆಂಟಕಿ, ಅಲಬಾಮಾಗಳಲ್ಲೂ ಫೋನು, ಇಂಟರ್ನೆಟ್ಟು ಕೈಕೊಟ್ಟವು. ಅನೇಕ ಕಡೆ 911ಕ್ಕೆ ಕರೆ ಹೋಗಲಿಲ್ಲ. ನ್ಯಾಶ್‌ವಿಲ್ ವಿಮಾನ ನಿಲ್ದಾಣದಿಂದ ವಿಮಾನಗಳು ಕೆಲಕಾಲ ಹಾರಲಿಲ್ಲ.

ತನಿಖೆ ಚುರುಕಾಗಿಯೇ ನಡೆಯಿತು. ಅವಶೇಷಗಳಲ್ಲಿ ಸಿಕ್ಕ ಗಾಡಿಯ ಗುರುತಿನ ಸಂಖ್ಯೆ ಆಂಟನಿ ಕ್ವಿನ್ ವಾರ್ನರ್ ಅನ್ನೋ 63 ವರ್ಷದವನ ಕಡೆ ಬೊಟ್ಟು ಮಾಡಿತು. ಡಿಎನ್‌ಎ ಅದನ್ನ ಖಚಿತಪಡಿಸಿತು. ಎರಡೇ ದಿನದಲ್ಲಿ, ಡಿಸೆಂಬರ್ 27ಕ್ಕೆ, ಹೆಸರು ಪ್ರಕಟವಾಯಿತು. ಕಂಪ್ಯೂಟರ್ ಕೆಲಸ ಮಾಡಿಕೊಂಡು ಒಂಟಿಯಾಗಿದ್ದ ಮನುಷ್ಯ.

"ಯಾರು" ಅನ್ನೋದು ಇಷ್ಟು ಬೇಗ ತಿಳಿದುಬಿಟ್ಟರೆ ಸುದ್ದಿಮನೆಗಳಿಗೆ ಉಳಿಯೋದು "ಯಾಕೆ" ಒಂದೇ. ಅದಕ್ಕೆ ಉತ್ತರ ಕೊಡಬೇಕಾದವನು ಇಲ್ಲ. ಆ ಖಾಲಿ ಜಾಗಕ್ಕೆ ಮೊದಲು 5ಜಿ ಬಂತು, ಮತಯಂತ್ರದ ಗಾಳಿಸುದ್ದಿ ಬಂತು, ಆಮೇಲೆ ಬಂದದ್ದು ಆಸ್ತಿ ಪತ್ರ.

ಸ್ಫೋಟಕ್ಕೆ ಸರಿಯಾಗಿ ಒಂದು ತಿಂಗಳ ಮುಂಚೆ, ನವೆಂಬರ್ 25ರಂದು, ವಾರ್ನರ್ ತನ್ನ ಮನೆಯನ್ನ ಕ್ವಿಟ್‌ಕ್ಲೇಮ್ ಡೀಡ್ ಮೂಲಕ ಕ್ಯಾಲಿಫೋರ್ನಿಯಾದ ಯುವತಿಗೆ ಬಿಟ್ಟುಕೊಟ್ಟಿದ್ದ. ಬೆಲೆಯ ಜಾಗದಲ್ಲಿ ಶೂನ್ಯ. 2019ರ ಜನವರಿಯಲ್ಲೂ ಅದೇ ರಸ್ತೆಯ ಇನ್ನೊಂದು ಮನೆಯನ್ನ ಹೀಗೇ ಆಕೆಯ ಹೆಸರಿಗೆ ಮಾಡಿದ್ದ. ಪತ್ರದಲ್ಲಿ ಆಕೆಯ ಸಹಿ ಇರಲಿಲ್ಲ. ತನಗೆ ಇದು ಗೊತ್ತೇ ಇರಲಿಲ್ಲ ಅಂತ ಆಕೆ ಹೇಳಿದ್ದೂ ವರದಿಯಾಯಿತು. ಆದರೆ ಅಷ್ಟು ಹೊತ್ತಿಗೆ ಆಕೆಯ ಹೆಸರು, ವಯಸ್ಸು, ಫೋಟೋ ಎಲ್ಲ ಊರೂರು ಸುತ್ತಾಗಿತ್ತು. ನಮ್ಮ ಗುಂಪಿನವರೆಗೂ.

ಈ ಕ್ವಿಟ್‌ಕ್ಲೇಮ್ ಅಂದ್ರೇನು ಅಂತ ವಿವರಿಸುವ ತೊಂದರೆ ತಗೊಂಡ ವರದಿಗಳು ಕಮ್ಮಿ. "ಈ ಆಸ್ತಿಯಲ್ಲಿ ನನಗೇನಾದರೂ ಹಕ್ಕಿದ್ದರೆ ಅದನ್ನ ನಿನಗೆ ಬಿಟ್ಟಿದ್ದೇನೆ" ಅನ್ನೋ ಪತ್ರ ಅದು. ಹಕ್ಕು ನಿಜಕ್ಕೂ ಇದೆ ಅಂತ ಖಾತರಿ ಕೂಡ ಕೊಡಲ್ಲ. ಅಮೆರಿಕದಲ್ಲಿ ಮನೆಮಂದಿಯ ನಡುವೆ, ವಿಚ್ಛೇದನದ ಸಮಯದಲ್ಲಿ ಇದು ಮಾಮೂಲು. ನಮ್ಮಲ್ಲಿ ಅಕ್ಕತಂಗಿಯರು ಅಣ್ಣತಮ್ಮಂದಿರಿಗೆ ಬರೆದುಕೊಡೋ ಹಕ್ಕು ಖುಲಾಸೆ ಪತ್ರದ ದೂರದ ನೆಂಟ ಅನ್ನಬಹುದು. ಬಿಟ್ಟುಕೊಡುವವನು ಸಹಿ ಹಾಕಿ ನೋಂದಣಿ ಮಾಡಿಸಿದರೆ ಆಯ್ತು, ಪಡೆಯುವವರ ಸಹಿ ಬೇಕಿಲ್ಲ.

ನಮ್ಮ ಕಾನೂನು ಇಲ್ಲಿ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 122ನೇ ಕಲಂ ಪ್ರಕಾರ, ದಾನ ಪಡೆಯುವವರು ಅಥವಾ ಅವರ ಪರವಾಗಿ ಇನ್ನೊಬ್ಬರು, ಕೊಟ್ಟವನು ಬದುಕಿರುವಾಗಲೇ ಅದನ್ನ ಒಪ್ಪಿಕೊಳ್ಳಬೇಕು. ಇಲ್ಲದಿದ್ದರೆ ದಾನಕ್ಕೆ ಬೆಲೆ ಇಲ್ಲ. ನಾವು ಓದುವಾಗ ನಮ್ಮ ತಲೆಯೊಳಗೆ ಇದೇ ಲೆಕ್ಕ ನಡೀತಿರುತ್ತೆ. ದಾನಪತ್ರ ಅಂದ್ರೆ ಇಬ್ಬರೂ ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಕೂತು, ಹೆಬ್ಬೆಟ್ಟು ಒತ್ತಿ, ಕ್ಯಾಮೆರಾಗೆ ಮುಖ ಕೊಟ್ಟು ಬಂದಿರ್ತಾರೆ ಅಂತ. "ಮನೆ ಅವಳ ಹೆಸರಿಗಿದೆ" ಅಂದ ಕೂಡಲೇ "ಹಾಗಿದ್ರೆ ಅವಳಿಗೆ ಏನೋ ಗೊತ್ತಿರಲೇಬೇಕು" ಅಂತ ಮನಸ್ಸು ಜಿಗಿಯುತ್ತೆ. ನಾನು ಜಿಗಿದದ್ದೂ ಹಾಗೇ, ಪಕ್ಕದ ಟ್ಯಾಬಲ್ಲಿ ಇಸಿ ಇಟ್ಟುಕೊಂಡು. ವರದಿ ಮಾಡಿದವರಿಗೆ ಆ ನೆಪವೂ ಇಲ್ಲ. ಅವರ ದೇಶದ ಪತ್ರ ಅದು.

ಪೊಲೀಸರು ಆಸ್ತಿ ಪತ್ರ ತೆಗೆದು ನೋಡಿದ್ದು ತಪ್ಪೇ? ಖಂಡಿತ ಅಲ್ಲ. ಜೊತೆಗಾರರು ಇದ್ದರೇ, ದುಡ್ಡು ಎಲ್ಲಿಂದ ಬಂತು, ಯಾರಿಗೆ ಲಾಭ ಅಂತ ಕೇಳೋದು ತನಿಖೆಯ ಮೊದಲ ಪಾಠ. ಆದರೆ ತನಿಖಾಧಿಕಾರಿ ಕೇಳಿದ ಪ್ರಶ್ನೆಗೆ "ಏನೂ ಇಲ್ಲ" ಅಂತ ಉತ್ತರ ಬಂದರೆ ಅದು ಫೈಲಿನೊಳಗೇ ಉಳಿಯುತ್ತೆ. ಪತ್ರಿಕೆ ಅದೇ ಪ್ರಶ್ನೆಯನ್ನ ಹೆಡ್‌ಲೈನ್ ಮಾಡಿದರೆ ಉತ್ತರ ಏನೇ ಬರಲಿ, ಪ್ರಶ್ನೆ ಅವಳಿಗೆ ಅಂಟಿಕೊಂಡಿರುತ್ತೆ. ದಾಖಲೆ ಸಾರ್ವಜನಿಕವಾದದ್ದು ಅನ್ನೋ ಸಮಜಾಯಿಷಿ ನಿಜವೇ. ಅದರಲ್ಲಿರುವ ಪ್ರತಿ ಹೆಸರನ್ನೂ ಸುದ್ದಿ ಮಾಡಲೇಬೇಕು ಅಂತೇನೂ ಅದರಿಂದ ಆಗಲ್ಲ.

ಈಗ ಇನ್ನೊಬ್ಬ ಹೆಂಗಸಿನ ಕಥೆ. 2019ರ ಆಗಸ್ಟ್‌ನಲ್ಲಿ, ಅಂದರೆ ಸ್ಫೋಟಕ್ಕೆ ಹದಿನಾರು ತಿಂಗಳ ಮುಂಚೆ, ವಾರ್ನರ್‌ನ ಗೆಳತಿ ಪೊಲೀಸರಿಗೆ ಹೇಳಿದ್ದಳು: ಅವನು ಆರ್‌ವಿಯೊಳಗೆ ಬಾಂಬ್ ಮಾಡ್ತಿದ್ದಾನೆ ಅಂತ. ಯಾವ ಗಾಡಿ, ಯಾವ ವಸ್ತು, ಯಾವ ವ್ಯಕ್ತಿ, ಮೂರೂ ಸರಿಯಾಗಿ. ಪೊಲೀಸರು ಅವನ ಮನೆಗೆ ಹೋಗಿ ಬಾಗಿಲು ತಟ್ಟಿದರು, ಯಾರೂ ತೆಗೆಯಲಿಲ್ಲ. ಬೇಲಿಯೊಳಗೆ ಆರ್‌ವಿ ಕಂಡಿತು. ಒಳಗೆ ನುಗ್ಗೋಕೆ ಕಾನೂನಿನ ಆಧಾರ ಇಲ್ಲ ಅಂತ ವಾಪಸ್ ಬಂದರು. ಎಫ್‌ಬಿಐಗೆ ತಿಳಿಸಿದರು, ಅಲ್ಲಿ ಅವನ ಮೇಲೆ ಯಾವ ದಾಖಲೆಯೂ ಸಿಗಲಿಲ್ಲ. ಆ ದಿನ ಆಕೆಯ ಮನಸ್ಥಿತಿ ಸರಿಯಿರಲಿಲ್ಲ, ಆಕೆಯನ್ನೇ ಮಾನಸಿಕ ತಪಾಸಣೆಗೆ ಕರೆದೊಯ್ದರು. ಇಂಥವಳ ಮಾತನ್ನ ಎಷ್ಟು ನಂಬೋದು ಅಂತ ಯಾರಿಗಾದರೂ ಅನ್ನಿಸಿತ್ತೋ ಏನೋ.

ಸ್ಫೋಟವಾದ ಮೇಲೂ ರಾಜ್ಯದ ತನಿಖಾ ಸಂಸ್ಥೆಯ ಮುಖ್ಯಸ್ಥರು, ಈ ಮನುಷ್ಯ ನಮ್ಮ ಕಣ್ಣಿಗೆ ಬಿದ್ದವನೇ ಅಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ದರು. 2019ರ ಆ ಪೊಲೀಸ್ ವರದಿಯನ್ನ ಓದುಗರ ಮುಂದಿಟ್ಟದ್ದು 'ದಿ ಟೆನಸಿಯನ್' ಸೇರಿದಂತೆ ಸ್ಥಳೀಯ ಸುದ್ದಿಮನೆಗಳು. ಅದು ಪತ್ರಿಕೋದ್ಯಮ. ಅಲ್ಲೂ ದಾಖಲೆ ತೆಗೆದರು, ಆದರೆ ಅದು ಅಧಿಕಾರ ಇದ್ದವರು ಏನು ಮಾಡಿದರು, ಏನು ಬಿಟ್ಟರು ಅನ್ನೋದರ ದಾಖಲೆ. ನ್ಯಾಯವಾಗಿ ನೋಡಿದರೆ ಅದೇ ದೊಡ್ಡ ಸುದ್ದಿ. ಒಬ್ಬಳು ಗೊತ್ತಿದ್ದೂ ಹೇಳಿದಳು, ಯಾರೂ ಬಾಗಿಲು ತೆಗೆಸಲಿಲ್ಲ. ಇನ್ನೊಬ್ಬಳಿಗೆ ಏನೂ ಗೊತ್ತಿಲ್ಲ, ಜಗತ್ತೆಲ್ಲ ಅವಳ ಬಾಗಿಲು ತಟ್ಟಿತು. ನಾನು ಗುಂಪಿಗೆ ಹಾಕಿದ್ದು ಈ ಎರಡನೆಯ ಸುದ್ದಿಯನ್ನ. ಮೊದಲನೆಯದನ್ನ ಓದಿದೆ, "ಛೆ" ಅಂದೆ, ಫಾರ್ವರ್ಡ್ ಮಾಡಲಿಲ್ಲ.

2021ರ ಮಾರ್ಚ್‌ನಲ್ಲಿ ಎಫ್‌ಬಿಐ ತನ್ನ ತೀರ್ಮಾನ ಹೇಳಿತು. ವಾರ್ನರ್ ಒಬ್ಬನೇ ಮಾಡಿದ್ದು. ಉದ್ದೇಶ ತನ್ನ ಜೀವ ತೆಗೆದುಕೊಳ್ಳುವುದು. ಸಂಶಯಪೀಡೆ, ವಿಚಿತ್ರ ಪಿತೂರಿ ನಂಬಿಕೆಗಳು, ಮುರಿದುಬಿದ್ದ ಸಂಬಂಧಗಳು ಎಲ್ಲ ಸೇರಿ ಅವನನ್ನ ಅಲ್ಲಿಗೆ ತಂದಿದ್ದವು. ರಾಜಕೀಯ ಉದ್ದೇಶ ಕಾಣದ್ದರಿಂದ ಭಯೋತ್ಪಾದನೆ ಅಂತ ಕರೆಯಲಿಲ್ಲ. ಇನ್ಯಾವುದೋ ಹೆಸರಿನವನು ಇದೇ ಕೆಲಸ ಮಾಡಿದ್ದರೆ ಆ ಪದಕ್ಕೆ ಮಾರ್ಚ್‌ವರೆಗೆ ಕಾಯುತ್ತಿದ್ದರಾ ಅನ್ನೋ ಪ್ರಶ್ನೆ ನನಗಿದೆ. ಅದು ಇನ್ನೊಂದು ಲೇಖನ.

ಈ ತೀರ್ಮಾನ ಓದಿ ನಾನು ಮತ್ತೆ ಆ ಆಸ್ತಿ ಪತ್ರದ ಸುದ್ದಿಗೆ ಹೋದೆ. ಡಿಸೆಂಬರ್‌ನಲ್ಲಿ ಅವನು ಕೆಲಸ ಕೊಡುವವರಿಗೆ ನಿವೃತ್ತಿ ಆಗ್ತೀನಿ ಅಂದಿದ್ದ. ಕಾರು ಕೊಟ್ಟುಬಿಟ್ಟಿದ್ದ. ಮನೆ ಬಿಟ್ಟುಕೊಟ್ಟಿದ್ದ. ಇರೋದನ್ನೆಲ್ಲ ಒಂದೊಂದಾಗಿ ಕೊಡುತ್ತಾ ಹೋಗುವುದು ಆತ್ಮಹತ್ಯೆಯ ಮುನ್ಸೂಚನೆಗಳಲ್ಲಿ ಒಂದು ಅಂತ ಮನೋವೈದ್ಯರು ಹೇಳುತ್ತಲೇ ಬಂದಿದ್ದಾರೆ. "ಯಾಕೆ" ಅನ್ನೋದಕ್ಕೆ ಉತ್ತರದ ಒಂದು ತುಂಡು ಅಲ್ಲೇ ಇತ್ತು, ಮೊದಲ ದಿನಗಳಿಂದಲೇ. ಆ ಪತ್ರದಲ್ಲಿ ಎರಡು ಹೆಸರಿದ್ದವು. ಕೊಟ್ಟವನ ಹೆಸರು ಓದಬೇಕಿತ್ತು, ನಾವು ಪಡೆದವಳ ಹೆಸರು ಓದಿದೆವು.

ಮಾರ್ಚ್ ವರದಿಯ ಲಿಂಕನ್ನ ಅದೇ ಗುಂಪಿಗೆ ಹಾಕಿ, "ಡಿಸೆಂಬರ್‌ನಲ್ಲಿ ನಾನು ಬರೆದದ್ದು ತಪ್ಪು, ಆ ಹುಡುಗಿಗೂ ಇದಕ್ಕೂ ಸಂಬಂಧ ಇಲ್ಲ" ಅಂತ ಸೇರಿಸಿದೆ. ಒಂದೂ ಇಮೋಜಿ ಬರಲಿಲ್ಲ. ರಾತ್ರಿ ಒಬ್ಬ ಕೇಳಿದ: "ಯಾವ ಹುಡುಗಿ ಮಗಾ?"

ಮರೆತಿದ್ದ. ನಮಗೆಲ್ಲ ಮರೆಯೋದು ಸುಲಭ, ನಮ್ಮ ಹೆಸರನ್ನ ಸರ್ಚ್ ಮಾಡಿದರೆ ಬಾಂಬಿನ ಸುದ್ದಿ ಬರಲ್ಲವಲ್ಲ.