ಓದಿನಲ್ಲಿ ಕಾರಣವಿಚಾರ

ಕಾರ್ಯಕ್ಕೆ ನಿಯಮದಿಂದ ಪೂರ್ವದಲ್ಲಿರತಕ್ಕದ್ದೇ ಕಾರಣವೆಂಬುದು ತಾರ್ಕಿಕರ ಮತ. ಓದುಗರಿಗೂ ಇದೇ ಒರೆಗಲ್ಲು. ಹೊಯ್ಸಳ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳನ್ನಿತ್ತುದರಿಂದ ಬೆಂಗಳೂರೆಂಬ ಹೆಸರಾಯಿತೆಂಬ ಕಥೆಯನ್ನು ಮಕ್ಕಳು ಬಾಯಿಪಾಠವಾಗಿ ಒಪ್ಪಿಸುವರು. ಆ ಅರಸನು ಪಟ್ಟವೇರಿದುದು 1173ರಲ್ಲಿ. ಎಲೆಕ್ಟ್ರಾನಿಕ್ ಸಿಟಿಗೆ ಸಮೀಪದ ಬೇಗೂರಿನ ನಾಗೇಶ್ವರ ದೇವಾಲಯದ ವೀರಗಲ್ಲಾದರೋ ಸುಮಾರು 890ರದು. ಬೆಂಗಳೂರ ಕಾಳಗವು ಅದರಲ್ಲಿಯೇ ಉಕ್ತವಾಗಿದೆ. ತಂದೆಗಿಂತ ಮೊದಲು ಮಗನು ಹುಟ್ಟಬಲ್ಲನೇ?

ಕಥೆಯು ಬಿದ್ದಮಾತ್ರಕ್ಕೆ, ಬೆಂಗಮರದಿಂದ ಹೆಸರು ಬಂದಿತೆಂಬ ಪಕ್ಷವು ಗೆದ್ದಂತಾಗದು. ಮರವು ಊರಿಗಿಂತ ಮೊದಲೇ ಇದ್ದಿರಬಹುದು. ಆದರೆ ಪೂರ್ವದಲ್ಲಿದ್ದುದೆಲ್ಲವೂ ಕಾರಣವಲ್ಲ, ಕಾಕತಾಳೀಯವೂ ಉಂಟು. ಶಾಸನವು ಹೇಳುವುದು ಹೆಸರನ್ನೇ ಹೊರತು ಹೆಸರಿನ ಕಾರಣವನ್ನಲ್ಲ. ಬರೆದುದರಿಂದ ಎಷ್ಟು ಸಿದ್ಧಿಸುವುದೋ ಅಷ್ಟನ್ನೇ ಗ್ರಹಿಸಿ ನಿಲ್ಲುವುದು ಓದಿನ ವಿವೇಕ. ‘ಏನಾಯಿತು’ ಎಂದೊಪ್ಪಿಸುವ ಬಾಲಕನು ‘ಏತರಿಂದಾಯಿತು’ ಎಂದು ಕೇಳತೊಡಗಿದಂದೇ ಅವನ ಓದು ಸಾರ್ಥಕವು.