ಕೀಲಿ-ಮೌಲ್ಯ ದಾಖಲೆ ಮತ್ತು ಆದೇಶ ಸಾಲು: ಒಂದು ವಿಮರ್ಶೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ - ಈ ನಾಲ್ಕು ತಾಲ್ಲೂಕುಗಳ ಒಂದೊಂದು ಪ್ರೌಢಶಾಲೆಯಲ್ಲಿ ಮಳೆಮಾಪಕವಿದೆ ಎಂದುಕೊಳ್ಳಿ. ಪ್ರತಿದಿನ ಬೆಳಿಗ್ಗೆ 8.30ಕ್ಕೆ ಮಕ್ಕಳು ಮಳೆಯನ್ನು ಅಳೆಯುತ್ತಾರೆ. ಆ ಅಂಕಿಗಳನ್ನು ಗಣಕದಲ್ಲಿ ಕೂಡಿಡುವುದು ಹೇಗೆ? ಇದಕ್ಕೆ ಸರಳವಾದ ಒಂದು ದಾರಿ ಕೀಲಿ-ಮೌಲ್ಯ ದತ್ತಸಂಚಯ. ಊರು ಮತ್ತು ದಿನಾಂಕ ಸೇರಿದರೆ ಕೀಲಿ. ಅದರ ಎದುರಿಗೆ ಮಳೆಯ ಪ್ರಮಾಣ, ಅಳೆದವರ ಹೆಸರು, ಷರಾ ಮುಂತಾದ ಮೌಲ್ಯಗಳು. ಕೀಲಿ ಕೊಟ್ಟರೆ ದಾಖಲೆ ಸಿಗುತ್ತದೆ, ಅಷ್ಟೆ.

ಇಟಲಿಯ ಸಾಲ್ವತೋರೆ ಸಾನ್‌ಫಿಲಿಪ್ಪೊ 2009ರಲ್ಲಿ ಹೊರತಂದ ರೆಡಿಸ್ ಈ ಬಗೆಯ ಜನಪ್ರಿಯ ತಂತ್ರಾಂಶ. ಅದರೊಂದಿಗೆ ಬರುವ ರೆಡಿಸ್-ಸಿಎಲ್‌ಐ ಎಂಬ ಆದೇಶ ಸಾಲಿನ ಸಾಧನವೇ ಈ ಲೇಖನದ ವಿಷಯ. ಮೌಸ್ ಬೇಡ, ಕಿಟಕಿಗಳು ಬೇಡ. ‘ಗೆಟ್’ ಎಂದರೆ ಓದು, ‘ಸೆಟ್’ ಎಂದರೆ ಬರೆ, ‘ಡೆಲ್’ ಎಂದರೆ ಅಳಿಸು. ಹಲವು ಅಂಕಣಗಳಿರುವ ದಾಖಲೆಗೆ ‘ಎಚ್‌ಗೆಟ್’, ‘ಎಚ್‌ಸೆಟ್’. ಒಂದು ಪಾಠದ ಅವಧಿಯಲ್ಲಿ ಇಷ್ಟನ್ನೂ ಕಲಿಸಬಹುದು. ದಾಖಲೆ ಎಂದರೇನೆಂದು ವಿದ್ಯಾರ್ಥಿ ಕಣ್ಣಾರೆ ಕಾಣಲು ಇದಕ್ಕಿಂತ ನೇರವಾದ ಸಾಧನ ವಿರಳ. ಆದರೆ ದೋಷಗಳೂ ಇವೆ.

ಮೊದಲನೆಯದು ಕನ್ನಡದ ತೊಡಕು. ‘ಹುಣಸೂರು’ ಎಂದು ಬರೆದಿಟ್ಟು ತಿರುಗಿ ಓದಿ ನೋಡಿ. ಪರದೆಯ ಮೇಲೆ ಕನ್ನಡ ಕಾಣುವುದಿಲ್ಲ! ಯೂನಿಕೋಡ್‌ನಲ್ಲಿ ಆ ಹೆಸರಿಗೆ 7 ಸಂಕೇತಗಳು. ಸಾಮಾನ್ಯ ಬಳಕೆಯ ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದಕ್ಕೂ 3 ಬೈಟ್, ಒಟ್ಟು 21 ಬೈಟ್. ಸಾಧನವು ಒಂದೊಂದು ಬೈಟನ್ನೂ 4 ಚಿಹ್ನೆಗಳಲ್ಲಿ ತೋರಿಸುವುದರಿಂದ ನಿಮ್ಮೆದುರಿಗೆ 84 ಚಿಹ್ನೆಗಳ ಅರ್ಥವಾಗದ ಸಾಲು ಬೀಳುತ್ತದೆ. ಸಾಧನವನ್ನು ತೆರೆಯುವಾಗಲೇ ‘ರಾ’ ಎಂಬ ಆಯ್ಕೆ ಕೊಟ್ಟರೆ ಕನ್ನಡ ಮೂಡುತ್ತದೆ. ಇದು ತಿಳಿಯದ ವಿದ್ಯಾರ್ಥಿ ದಾಖಲೆ ಕೆಟ್ಟಿತೆಂದೇ ಭಾವಿಸುತ್ತಾನೆ.

ಇನ್ನೂ ಸೂಕ್ಷ್ಮವಾದ ಸಂಗತಿಯೊಂದಿದೆ. ‘ಕೋಟೆ’ಯ ‘ಕೋ’ ಅಕ್ಷರವನ್ನು ಯೂನಿಕೋಡ್‌ನಲ್ಲಿ 2 ಸಂಕೇತಗಳಲ್ಲೂ ಬರೆಯಬಹುದು, ಸ್ವರಚಿಹ್ನೆಯನ್ನು ಬಿಡಿಸಿ 4 ಸಂಕೇತಗಳಲ್ಲೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ. ಗಣಕಕ್ಕೆ ಮಾತ್ರ ಒಂದು 6 ಬೈಟ್, ಇನ್ನೊಂದು 12 ಬೈಟ್. ಅಂದರೆ ಎರಡು ಬೇರೆ ಬೇರೆ ಕೀಲಿಗಳು. ‘ಪಿರಿಯಾಪಟ್ಟಣ’ - ‘ಪೆರಿಯಾಪಟ್ಟಣ’, ‘ಕೆ.ಆರ್. ನಗರ’ - ‘ಕೃಷ್ಣರಾಜನಗರ’ ಎಂಬ ಭೇದಗಳಂತೂ ಸರಿಯೇ ಸರಿ. ಹೆಸರುಗಳಷ್ಟೇ ಅಲ್ಲ, ಗಡಿಗಳೂ ಬದಲಾಗುತ್ತವೆ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಿತವಾದ ಹೊಸ ತಾಲ್ಲೂಕುಗಳಲ್ಲಿ ಸರಗೂರೂ ಒಂದು. ಅದಕ್ಕೆ ಮೊದಲು ಅದು ಎಚ್.ಡಿ. ಕೋಟೆಗೆ ಸೇರಿತ್ತು. ತಾಲ್ಲೂಕಿನ ಹೆಸರನ್ನೇ ಕೀಲಿಯಲ್ಲಿ ಸೇರಿಸಿದ್ದವರ ಹಳೆಯ ದಾಖಲೆಗಳ ಗತಿಯೇನು? ಆದ್ದರಿಂದ ಕೀಲಿಗೆ ಬದಲಾಗದ ಸಂಕೇತ ಸಂಖ್ಯೆ ಇರಲಿ. ಹೆಸರು ಮೌಲ್ಯದ ಭಾಗದಲ್ಲಿರಲಿ.

ಎರಡನೆಯ ದೋಷ ಹೆಚ್ಚು ಗಂಭೀರವಾದುದು. ನಾಲ್ಕು ಅಂಕಣಗಳ ದಾಖಲೆಯೊಂದರಲ್ಲಿ ಮಳೆಯ ಅಂಕಿ 12.4 ಇರಬೇಕಾದಲ್ಲಿ 124 ಆಗಿದೆ. ತಿದ್ದಲು ಹೋದ ವಿದ್ಯಾರ್ಥಿ ‘ಎಚ್‌ಸೆಟ್’ ಎನ್ನುವ ಬದಲು ‘ಸೆಟ್’ ಎಂದು ಕೀಲಿಯ ಮುಂದೆ 12.4 ಬರೆದ. ಉತ್ತರ: ‘ಓಕೆ’. ಆದರೆ ನಾಲ್ಕು ಅಂಕಣಗಳೂ ಹೋಗಿ 12.4 ಒಂದೇ ಉಳಿಯಿತು. ಅದೇ ದಾಖಲೆಯನ್ನು ‘ಗೆಟ್’ ಎಂದು ತಪ್ಪಾಗಿ ಓದಲು ಹೊರಟಿದ್ದರೆ ಸಾಧನವು ‘ಬಗೆ ತಪ್ಪಾಗಿದೆ’ ಎಂದು ತಡೆಯುತ್ತಿತ್ತು. ಓದುವಾಗ ಇರುವ ಎಚ್ಚರ ಅಳಿಸಿ ಬರೆಯುವಾಗ ಏಕಿಲ್ಲ?

‘ಎಚ್‌ಸೆಟ್’ ಬಳಸಿದರೂ ಗೊಂದಲ ತಪ್ಪದು. ಇರುವ ಅಂಕಣವನ್ನು ಸರಿಯಾಗಿ ತಿದ್ದಿದಾಗ ಬರುವ ಉತ್ತರ 0. ಅಂಕಣದ ಹೆಸರನ್ನು ತಪ್ಪಾಗಿ ಬರೆದರೆ ಹೊಸ ಅಂಕಣವೊಂದು ಹುಟ್ಟಿ ಉತ್ತರ 1 ಬರುತ್ತದೆ. ಎಷ್ಟು ಹೊಸ ಅಂಕಣ ಸೇರಿದವು ಎಂಬುದರ ಲೆಕ್ಕ ಅದು. ಆದರೆ ಹೊಸಬರು 0 ಎಂದರೆ ಸೋಲು, 1 ಎಂದರೆ ಗೆಲುವು ಎಂದು ತಿಳಿಯುವುದು ಸಹಜ.

ನಮ್ಮ ರಾಜ್ಯದ ‘ಭೂಮಿ’ ಯೋಜನೆಯೊಡನೆ ಇದನ್ನು ಹೋಲಿಸಿ ನೋಡಿ. 2000ದ ದಶಕದ ಆರಂಭದಲ್ಲಿ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಬಂದವು. ಅಲ್ಲಿ ಹೆಸರು ಬದಲಾಗಬೇಕಾದರೆ ಅರ್ಜಿ, ಆಕ್ಷೇಪಣೆಗೆ ಕಾಲಾವಕಾಶ, ಕಂದಾಯ ನಿರೀಕ್ಷಕರ ಆದೇಶ ಎಲ್ಲವೂ ಬೇಕಿತ್ತು. ಸಿಬ್ಬಂದಿ ಬೆರಳಚ್ಚು ಕೊಟ್ಟು ಒಳಹೋಗುವ ಏರ್ಪಾಡಿತ್ತು. ಯಾರು, ಯಾವಾಗ, ಏನನ್ನು ಬದಲಾಯಿಸಿದರು ಎಂಬುದು ಉಳಿಯಬೇಕೆಂಬುದೇ ಇದರ ಉದ್ದೇಶ. ಈ ಹೋಲಿಕೆ ರೆಡಿಸ್‌ಗೆ ಅನ್ಯಾಯವೆನ್ನಬಹುದು. ಅದು ಹುಟ್ಟಿದ್ದು ವೇಗಕ್ಕಾಗಿ, ಕಂದಾಯ ದಫ್ತರಕ್ಕಾಗಿ ಅಲ್ಲ. ಒಪ್ಪೋಣ. ಆದರೆ ಉಚಿತವಾಗಿ ಸಿಗುವ, ಸುಲಭವಾದ ಸಾಧನಗಳು ತಮಗೆ ಹೇಳದ ಕೆಲಸಕ್ಕೂ ಬಳಕೆಯಾಗುತ್ತವೆ ಎಂಬುದನ್ನು ಮರೆಯಬಾರದು.

ಹಾಗಾದರೆ ತರಗತಿಯಲ್ಲಿ ಇದನ್ನು ಬಿಡಬೇಕೆ? ಬೇಡ. ಅಭ್ಯಾಸಕ್ಕೆ ಪ್ರತ್ಯೇಕ ಗಣಕವಿರಲಿ. ತಿದ್ದುವ ಮೊದಲು ‘ಎಚ್‌ಗೆಟ್‌ಆಲ್’ ಎಂದು ಪೂರ್ಣ ದಾಖಲೆಯನ್ನು ಓದಿ ಪುಸ್ತಕದಲ್ಲಿ ಬರೆದುಕೊಳ್ಳಲಿ. ತಿದ್ದಿದ ಮೇಲೆ ಮತ್ತೊಮ್ಮೆ ಓದಲಿ. ಎಲ್ಲ ಕೀಲಿಗಳ ಪಟ್ಟಿ ಬೇಕಾದಾಗ, ಮುಗಿಯುವವರೆಗೂ ಉಳಿದವರನ್ನು ಕಾಯಿಸುವ ‘ಕೀಸ್’ ಬದಲು ‘ಸ್ಕ್ಯಾನ್’ ಬಳಸಲಿ. ಇದರ ಜೊತೆಗೆ ಒಂದು ಪ್ರಯೋಗ ಮಾಡಿಸಿ: ಬೇಕೆಂದೇ ಒಂದು ದಾಖಲೆಯನ್ನು ‘ಸೆಟ್’ನಿಂದ ಕೆಡಿಸಿ, ಕಳೆದುಹೋದ ಅಂಕಣಗಳನ್ನು ಪುಸ್ತಕ ನೋಡಿ ಮತ್ತೆ ತುಂಬಲು ಹೇಳಿ. ಬರೆದುಕೊಳ್ಳದ ಗುಂಪಿಗೆ ಹುಣಸೂರಿನ ಆ ದಿನದ ಮಳೆ ಮತ್ತೆ ಸಿಗುವುದಿಲ್ಲ. ಪಾಠ ಅಲ್ಲಿಂದ ಆರಂಭವಾಗಲಿ.